ಮ, ನಿ ಬಿಟ್ಟ ಅಳಲು: ಮೈಸೂರಿನ ಕಿವಿಗೆ ಎಂಕಾ

ಹಾರ್ಮೋನಿಯಂನಲ್ಲಿ ಬಿಳಿ ಆರನ್ನು (ಆರನೆಯ ಬಿಳಿ ಮನೆ, ಪಾಶ್ಚಾತ್ಯರ ‘ಎ’) ಷಡ್ಜ, ಅಂದರೆ ಸ, ಮಾಡಿಕೊಳ್ಳಿ. ಅಲ್ಲಿಂದ ಬಿಳಿ ಏಳು, ಮೇಲಿನ ಒಂದು, ಮೂರು, ನಾಲ್ಕು ನುಡಿಸಿ ಆರಕ್ಕೆ ಮುಗಿಸಿ. ಎರಡು ಮತ್ತು ಐದನ್ನು ಮುಟ್ಟಬೇಡಿ. ಎಂಕಾ ಎಂಬ ಜಪಾನಿ ವಿರಹಗೀತೆಗಳಲ್ಲಿ ಬಹಳಷ್ಟು ಈ ಮನೆಗಳಲ್ಲೇ ಓಡಾಡುತ್ತವೆ. ನಮ್ಮ ಲೆಕ್ಕದಲ್ಲಿ ಸ, ಚತುಶ್ರುತಿ ರಿ, ಸಾಧಾರಣ ಗ, ಪ, ಶುದ್ಧ ಧ. ನಟಭೈರವಿ ರಾಗದಿಂದ ಮ, ನಿ ತೆಗೆದರೆ ಉಳಿಯುವುದು ಇಷ್ಟೇ. ಜಪಾನಿಯರು ಇದಕ್ಕೆ ‘ಯೊನಾನುಕಿ’ ಅನ್ನುತ್ತಾರೆ, ನಾಲ್ಕನೆಯ, ಏಳನೆಯ ಸ್ವರ ಬಿಟ್ಟದ್ದು ಅಂತಲೇ ಅದರ ಅರ್ಥ. ಶಂಕರಾಭರಣದಿಂದ ಅದೇ ಎರಡನ್ನು ತೆಗೆದರೆ ಮೋಹನದ ಸ್ವರಗಳು ಸಿಗುತ್ತವೆ. ಆ ಬಗೆಯ ಎಂಕಾಗಳೂ ಇವೆ, ಆದರೆ ಕಣ್ಣು ಒದ್ದೆಯಾಗಿಸುವುದು ಮೊದಲನೆಯದು.

ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ವರ್ಷವರ್ಷವೂ ಕಛೇರಿ ಕೇಳುವವರು ಇದಕ್ಕೆ ತಕ್ಷಣ ‘ಶಿವರಂಜನಿ ರಾಗ’ ಅಂದುಬಿಡುತ್ತಾರೆ. ತಪ್ಪು ತೀರಾ ದೂರದ್ದಲ್ಲ. ಶಿವರಂಜನಿಯ ಧೈವತ ಚತುಶ್ರುತಿ, ಇಲ್ಲಿ ಅದು ಅರ್ಧ ಸ್ವರ ಕೆಳಗಿಳಿದು ಪಂಚಮಕ್ಕೆ ಒತ್ತಿಕೊಂಡು ಕೂತಿದೆ. ಧ ಇಂದ ಪ ಗೆ ಇಳಿಯುವ ಆ ಅರ್ಧ ಹೆಜ್ಜೆಯಲ್ಲೇ ಹಾಡಿನ ನಿಟ್ಟುಸಿರೆಲ್ಲ ಇದೆ. ಇದೇ ಐದು ಸ್ವರಗಳಲ್ಲಿ ಪಂಚಮವನ್ನು ಷಡ್ಜ ಮಾಡಿ ಗ್ರಹಭೇದ (ಷಡ್ಜದ ಜಾಗ ಬದಲಿಸುವುದು) ಮಾಡಿದರೆ ಕರ್ನಾಟಕ ಶುದ್ಧ ಸಾವೇರಿ ರಾಗ, ಧೈವತವನ್ನು ಷಡ್ಜ ಮಾಡಿದರೆ ಅಮೃತವರ್ಷಿಣಿ. ಕಿವಿಗೆ ಪರಿಚಯದ ಮನೆಯಂತೆ ಅನ್ನಿಸುವುದಕ್ಕೆ ಕಾರಣ ಇದು.

ಆದರೆ ಹಾಡಲು ಹೊರಟಾಗ ಕೆಡುವುದೂ ಈ ಪರಿಚಯದಿಂದಲೇ. ಮೊದಲ ಕೆಲಸ, ಸ, ಪ ಗಳನ್ನು ಬಿಡದೆ ನುಡಿಸುವ ಶ್ರುತಿಪೆಟ್ಟಿಗೆ ಆಫ್ ಮಾಡುವುದು. ಎಂಕಾದ ಹಿಮ್ಮೇಳ ಪಾಶ್ಚಾತ್ಯ ಕಾರ್ಡ್‌ಗಳದ್ದು, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವ ಗುಚ್ಛಗಳದ್ದು. ಹಾಡು ಬಿಟ್ಟ ಮ, ನಿ ಎರಡೂ ಅಲ್ಲಿ ವಾಪಸ್ ಬರುತ್ತವೆ. ಎ ಮೈನರ್ ಕಾರ್ಡ್‌ನಿಂದ ಡಿ ಮೈನರ್‌ಗೆ ಹೋದಾಗ ಮ, ಧ, ಸ ಒಟ್ಟಿಗೆ ನುಡಿಯುತ್ತವೆ. ಆಗ ಪೆಟ್ಟಿಗೆಯ ಪಂಚಮ ಧೈವತಕ್ಕೆ ಉಜ್ಜಿ ಕರ್ಕಶವಾಗುತ್ತದೆ.

ಎರಡನೆಯದು ಗಾಂಧಾರ. ರಿ–ಗ ನಡುವೆ ಅಲುಗಿಸಿ ಹಾಡುವ ಅಭ್ಯಾಸ ಇಲ್ಲಿ ನಡೆಯದು. ಗಿಟಾರ್, ಸ್ಯಾಕ್ಸೊಫೋನ್ ಅದೇ ಸ್ವರವನ್ನು ನೆಟ್ಟಗೆ ಹಿಡಿದಿರುವಾಗ ನಿಮ್ಮ ಕಂಪಿತ ಅಪಸ್ವರವಾಗಿ ಕೇಳುತ್ತದೆ. ಎಂಕಾದ ಗಮಕಕ್ಕೆ ‘ಕೊಬುಶಿ’ ಎಂದು ಹೆಸರು. ಒಂದು ಅಕ್ಷರ ಎಳೆಯುತ್ತಿರುವಾಗ ಪಕ್ಕದ ಸ್ವರವನ್ನು ಚಕ್ಕನೆ ಮುಟ್ಟಿ ಬರುವುದು, ಧಪಧ ಎಂದು ಸುತ್ತಿ ಪ ಗೆ ಇಳಿಯುವ ಹಾಗೆ. ಸಾಲಿಗೆ ಒಂದೆರಡು ಸಾಕು. ಉದ್ದ ಸ್ವರದ ಕಂಪನ ಬೇರೆಯೇ ವಿಷಯ: ನಾಲ್ಕು ಎಣಿಕೆಯ ಸ್ವರವಾದರೆ ಮೊದಲೆರಡು ಎಣಿಕೆ ದಾರ ಎಳೆದಂತೆ ನೇರ, ಕೊನೆಯೆರಡರಲ್ಲಿ ನಿಧಾನದ ಅಲೆ. ಶುರುವಿನಿಂದಲೇ ಅಲುಗಿಸಿದರೆ ಹಾಡು ಗೋಳಾಗುತ್ತದೆ. ಪದವೂ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬರಲಿ.

ಉಚ್ಚಾರಣೆ ನಮಗೆ ಸಲೀಸು, ಜಪಾನಿ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ತೊಡಕು ‘ನ್’ ಒಂದರಲ್ಲಿ. ‘ಹೊನ್’ ನಮ್ಮ ಛಂದಸ್ಸಿನಲ್ಲೂ ಎರಡು ಮಾತ್ರೆ, ಅವರಲ್ಲೂ ಎರಡು. ನಾವು ‘ಹೊ’ ಎಳೆದು ಕೊನೆಗೆ ‘ನ್’ ಮುಚ್ಚುತ್ತೇವೆ. ಅವರು ಹಲವು ಕಡೆ ಆ ‘ನ್’ಗೇ ಒಂದು ಸ್ವರ ಕೊಟ್ಟು ಮೂಗಿನಲ್ಲಿ ಹಾಡುತ್ತಾರೆ.

ಇಷ್ಟೆಲ್ಲ ಸಂಯಮ ಏಕೆಂದು ತಿಳಿಯಬೇಕಾದರೆ ಗಾಯಕಿ ಮಿಸೊರಾ ಹಿಬಾರಿ (1937–1989) ಹಾಡಿದ ‘ಕನಾಶಿ ಸಾಕೆ’ ನೋಡಬೇಕು, ಬರೀ ಕೇಳಿದರೆ ಸಾಲದು. ಅವರು ಹಾಡಿದ್ದು 1966ರಲ್ಲಿ, ಸಂಗೀತ ಕೊಗಾ ಮಸಾವೊ ಅವರದು. ಒಬ್ಬಂಟಿ ಕುಡಿತದ ದುಃಖ. ಹಾಡುತ್ತಿದ್ದಂತೆ ಕಣ್ಣೀರು ಕೆನ್ನೆಗಿಳಿಯುತ್ತದೆ. ಸ್ವರ ಮಾತ್ರ ಅಲುಗುವುದಿಲ್ಲ, ಉಸಿರು ಕಟ್ಟುವುದಿಲ್ಲ. ಎಂಕಾ ಅಂದರೆ ಅಳುಮುಂಜಿ ಹಾಡು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

‘ಎಲ್ಲಾ ಒಂದೇ ಥರ’ ಎಂಬ ದೂರು ಮಾತ್ರ ನಿಜ. ಬಂದರು, ರಾತ್ರಿ ರೈಲು, ಹಿಮ, ಮದ್ಯ, ಬಿಟ್ಟುಹೋದವರು. ಆದರೆ ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್.ನರಸಿಂಹಸ್ವಾಮಿಯವರನ್ನು ಹಾಡಿಕೊಳ್ಳುವ ನಾವು ಬಳೆ, ಮಲ್ಲಿಗೆ, ತವರು ಮತ್ತೆ ಮತ್ತೆ ಬಂತೆಂದು ಬೇಸರಪಟ್ಟವರಲ್ಲ. ಹೆಣ್ಣಿನ ಅಳಲನ್ನು ಗಂಡಸು ಹಾಡುವುದೂ ಎರಡೂ ಕಡೆ ಉಂಟು.

ಗಟ್ಟಿ ಆಕ್ಷೇಪ ಬೇರೊಂದಿದೆ, ಅದು ಜಪಾನಿನಿಂದಲೇ ಬಂದದ್ದು. ಎಂಕಾ ಎಂಬ ಪದ ಮೊದಲು ಮೇಜಿ ಕಾಲದ (1868–1912) ಬೀದಿಯ ರಾಜಕೀಯ ಹಾಡುಗಳಿಗಿತ್ತು. ಇಂದಿನ ಅರ್ಥ ಗಟ್ಟಿಯಾದದ್ದು 1960ರ ದಶಕದ ಕೊನೆಯಿಂದ. ‘ಜಪಾನಿನ ಹೃದಯ’ ಎಂಬ ಪಟ್ಟವೂ ಆಗ ಕಟ್ಟಿದ್ದು ಎಂದು ವಿದ್ವಾಂಸ ವಾಜಿಮಾ ಯೂಸುಕೆ 2010ರಲ್ಲಿ ವಾದಿಸಿದರು. ಅವರ ವಾದ ಒಪ್ಪುವಂಥದ್ದೇ. ಅದರಿಂದ ಹಾಡಿನ ಬೆಲೆ ತಗ್ಗುವುದಿಲ್ಲ, ‘ಪ್ರಾಚೀನ’ ಎಂಬ ಹಣೆಪಟ್ಟಿ ಮಾತ್ರ ಬಿದ್ದುಹೋಗುತ್ತದೆ. 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಜೆರೊ ಎಂಕಾ ಗಾಯಕರಾಗಿ ಬಂದು ಅದೇ ಡಿಸೆಂಬರ್ 31ರ ಕೊಹಾಕು ಎಂಬ ಟಿವಿ ಸಂಗೀತೋತ್ಸವದ ವೇದಿಕೆ ಹತ್ತಿದರು. ಈ ಕಲೆ ರಕ್ತದಲ್ಲಲ್ಲ, ಗಂಟಲಲ್ಲಿದೆ.

ಕೇಳಲು ಶುರುಮಾಡುವವರಿಗೆ ಇಶಿಕಾವಾ ಸಯುರಿ ಅವರ 1977ರ ‘ತ್ಸುಗಾರು ಕೈಕ್ಯೊ ಫುಯುಗೆಶಿಕಿ’ ಸರಿ. ಟೋಕಿಯೊದ ಉಎನೊ ನಿಲ್ದಾಣದಿಂದ ಹೊರಟ ರಾತ್ರಿ ರೈಲು ಹಿಮ ಮುಚ್ಚಿದ ಉತ್ತರದ ಅಓಮೊರಿಗೆ ಮುಟ್ಟುತ್ತದೆ, ಮುಂದೆ ಹಡಗು ಹತ್ತಬೇಕು. 1988ರಲ್ಲಿ ಕಡಲಡಿಯ ಸುರಂಗ ತೆರೆದು ಆ ರೈಲು ಹಡಗಿನ ಕಾಲ ಮುಗಿಯಿತು. ಚರಣದ ಕೊನೆಯಲ್ಲಿ ಬರುವ ‘ಆ’ ಒಂದನ್ನೇ ಹಿಡಿದು ನಾಲ್ಕಾರು ಸಲ ಕೇಳಿ: ಎಲ್ಲಿಯವರೆಗೆ ನೇರ, ಎಲ್ಲಿಂದ ಅಲೆ ಅನ್ನುವುದು ಬೆರಳಲ್ಲಿ ಎಣಿಸುವಷ್ಟು ಸ್ಪಷ್ಟ.