ಯಾರಿಗೆ ಯಾರು ಹೊಣೆ: ಸ್ವೀಡನ್ನಿನಿಂದ ರೋಣದ ಮನೆತನದತ್ತ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನೆಲೆಸಿದ ಮೇಲೆ ಊರಿನವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಅಲ್ಲಿ ಮಂದಿಗೆ ಮನಿತನ ಅನ್ನೂದು ಐತೇನು?" ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ, ಮೂರು ತಲೆಮಾರಿನವರು ಒಂದೇ ಒಲೆಯ ರೊಟ್ಟಿ ಉಂಡ ಮನೆಯಲ್ಲಿ ಬೆಳೆದ ನನಗೆ ಆ ಪ್ರಶ್ನೆಯ ಹಿಂದಿನ ಆತಂಕ ತಿಳಿಯುತ್ತದೆ. ಆದರೆ ಅದರೊಳಗಿನ ಊಹೆ ಸರಿಯಲ್ಲ. ಇಲ್ಲಿಯೂ ಕುಟುಂಬವಿದೆ, ಹೊಣೆ ಹಂಚಿಕೊಂಡ ರೀತಿ ಮಾತ್ರ ಬೇರೆ.

ಮದುವೆಯಾಗದೆ ಜೊತೆಗೆ ಬಾಳುವುದು ಇಲ್ಲಿ ಸಾಮಾನ್ಯ. ಅಂಥ ಜೋಡಿ ಬೇರೆಯಾದರೆ, ಇಬ್ಬರ ಬಳಕೆಗೆಂದು ಕೊಂಡ ಮನೆ ಮತ್ತು ಮನೆಸಾಮಾನುಗಳಲ್ಲಿ 2003ರ ಕಾನೂನು ಸಮಪಾಲು ಕೊಡುತ್ತದೆ. ಆದರೆ ಉಯಿಲು ಬರೆದಿಡದಿದ್ದರೆ ಒಬ್ಬರು ಇನ್ನೊಬ್ಬರ ವಾರಸುದಾರರಾಗುವುದಿಲ್ಲ. 2009ರಿಂದ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದು. ಬೇರೆಯಾದ ತಂದೆತಾಯಿಯರ ಎಷ್ಟೋ ಮಕ್ಕಳು ಒಂದು ವಾರ ತಂದೆಯ ಮನೆಯಲ್ಲಿ, ಮರುವಾರ ತಾಯಿಯ ಮನೆಯಲ್ಲಿ ಇರುತ್ತಾರೆ. ಮಗು ಹುಟ್ಟಿದರೆ ತಂದೆತಾಯಿಗಳಿಬ್ಬರಿಗೂ ಸೇರಿ 480 ದಿನಗಳ ಭತ್ಯೆಸಹಿತ ರಜೆ ಇದ್ದು, ಅದರಲ್ಲಿ ಒಬ್ಬೊಬ್ಬರಿಗೂ 90 ದಿನ ಮೀಸಲು. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲವಾದ್ದರಿಂದ, ಕೆಲಸದ ದಿನಗಳಲ್ಲಿಯೂ ಕೂಸಿನ ಗಾಡಿ ತಳ್ಳುತ್ತ ನಡೆಯುವ ಗಂಡಸರನ್ನು ಬೀದಿಬೀದಿಯಲ್ಲಿ ಕಾಣುತ್ತೇನೆ. ನಮ್ಮ ಕಡೆ ಇದು ಬಂದರೆ ಎಷ್ಟು ಚೆನ್ನ! ಇನ್ನು ಮುಪ್ಪಿನ ತಂದೆತಾಯಿಯನ್ನು ಸಾಕುವ ಭಾರವನ್ನು ಇಲ್ಲಿಯ ಕಾನೂನು ಮಕ್ಕಳ ಮೇಲೆ ಹಾಕಿಲ್ಲ. ಆರೈಕೆ ಸ್ಥಳೀಯ ಆಡಳಿತದ ಕೆಲಸ. ನಮ್ಮಲ್ಲಿ 2007ರ ಕಾಯ್ದೆ ಆ ಹೊಣೆಯನ್ನು ಮಕ್ಕಳಿಗೇ ವಹಿಸಿದೆ.

ಒಂದೇ ಸೂರು, ಒಂದೇ ಒಲೆ, ಎಲ್ಲರಿಗೂ ಸೇರಿದ ಆಸ್ತಿ, ಒಟ್ಟಾಗಿ ಮಾಡುವ ಪೂಜೆ ಮತ್ತು ನಂಟು, ಇವು ಕೂಡು ಕುಟುಂಬದ ಲಕ್ಷಣಗಳೆಂದು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಹೇಳಿದರು. ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಮನೆತನ ಈ ಮಾತಿಗೆ ಹೆಸರಾಂತ ನಿದರ್ಶನ. ಅದು ನೂರಕ್ಕೂ ಹೆಚ್ಚು ಜನರ ಮನೆ. ಅಂಥ ಮನೆಗಳನ್ನು ಹೊಗಳುವಾಗ, ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುವ ನೆಗೆಣ್ಣಿಯರ ದುಡಿಮೆಯನ್ನು ನಾವು ಮರೆಯುತ್ತೇವೆ. ಆ ಹೆಣ್ಣುಮಕ್ಕಳಿಗೆ ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲಿದೆ ಎಂದು ಕಾನೂನು ಒಪ್ಪಿದ್ದು ಕರ್ನಾಟಕದಲ್ಲಿ 1994ರಲ್ಲಿ, ಅದೂ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟು. ಆ ಅಡ್ಡಿ ತೆಗೆದದ್ದು 2005ರ ಕೇಂದ್ರ ತಿದ್ದುಪಡಿ.

ನಮ್ಮ ಮನೆಯಲ್ಲಿ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿ ಬಹಳ ಕಾಲವಾಯಿತು. ಅಪ್ಪ, ದೊಡ್ಡಪ್ಪ, ಕಾಕಾ ಮೂವರ ಹೆಸರಿಗೂ ಬೇರೆ ಬೇರೆ ಉತಾರಗಳಿವೆ (ಜಮೀನಿನ ದಾಖಲೆಗಳು), ಒಲೆಗಳೂ ಮೂರಾಗಿವೆ. ಆದರೆ ಶೀಗಿಹುಣ್ಣಿಮೆಗೆ ಮೂರೂ ಮನೆಯವರು ಬುತ್ತಿ ಕಟ್ಟಿಕೊಂಡು ಒಂದೇ ಹೊಲಕ್ಕೆ ಹೋಗುತ್ತಾರೆ, ಭೂತಾಯಿಗೆ ಎಡೆಯಾಗಿ ಒಟ್ಟಿಗೆ ಚರಗ ಚೆಲ್ಲುತ್ತಾರೆ, ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಸಮಾಜಶಾಸ್ತ್ರಜ್ಞ ಐ. ಪಿ. ದೇಸಾಯಿಯವರು ಕೂಡಿರುವಿಕೆಯನ್ನು ಸೂರಿನಿಂದ ಅಳೆಯದೆ ಪರಸ್ಪರ ಹಕ್ಕು ಮತ್ತು ಹೊಣೆಗಳಿಂದ ಅಳೆಯಬೇಕೆಂದರು. ಆ ಅಳತೆಯಲ್ಲಿ ನಮ್ಮದು ಇಂದಿಗೂ ಒಂದೇ ಮನೆತನವೆಂದು ನಾನು ನಂಬುತ್ತೇನೆ.

ಇಲ್ಲಿಯ ವಲಸೆ ಕಚೇರಿಯ ಲೆಕ್ಕವೇ ಬೇರೆ. ಅದರ ಪ್ರಕಾರ ನನ್ನ ಕುಟುಂಬವೆಂದರೆ ಹೆಂಡತಿ ಮತ್ತು ಮಗಳು. ಅಪ್ಪ, ಅವ್ವ ಭೇಟಿಯ ವೀಸಾದಲ್ಲಿ ಬಂದರೆ 90 ದಿನಗಳೊಳಗೆ ಮರಳಬೇಕು. 2024ರ ಜುಲೈಯಿಂದ ಮಗುವಿನ ರಜೆಯಲ್ಲಿ ತಂದೆ, ತಾಯಿ ಒಬ್ಬೊಬ್ಬರೂ 45 ದಿನಗಳವರೆಗೆ ಅಜ್ಜ-ಅಜ್ಜಿಯರಿಗೂ ವರ್ಗಾಯಿಸಲು ಅವಕಾಶ ಬಂದಿದೆ, ಆದರೆ ಅವರು ಸ್ವೀಡನ್ನಿನ ಸಾಮಾಜಿಕ ವಿಮೆಯೊಳಗಿರಬೇಕು. ಹಾಗಾಗಿ ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆಗೆ ದುಡ್ಡು ನಾನು ಕಳಿಸಿದರೂ, ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದು, ರಾತ್ರಿ ಪಕ್ಕದಲ್ಲಿ ಮಲಗಿ, ಹನಿಮದ್ದು ಹಾಕಿದವನು ಕಾಕಾನ ಮಗ. ಅವನನ್ನು ನನ್ನ ಕುಟುಂಬದವನೆಂದು ಬರೆಯಲು ಇಲ್ಲಿಯ ಯಾವ ಅರ್ಜಿಯಲ್ಲಿಯೂ ಜಾಗವಿಲ್ಲ.