ಹಡಗು ಕಾಯೋದಿಲ್ಲ

ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಪ್ಲಾನ್ ಮಾಡ್ತಿದ್ದೇನೆ. ಹಡಗು ನಿಲ್ಲುವ ಊರುಗಳ ಪಟ್ಟಿಯಲ್ಲಿ ‘ರೋಮ್’ ಅಂತ ಬರೆದಿರುತ್ತಾರೆ, ಹಡಗು ನಿಲ್ಲೋದು ಚಿವಿಟಾವೆಕ್ಯಾ ಬಂದರಿನಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 70 ಕಿ.ಮೀ. ‘ಪ್ಯಾರಿಸ್’ ಅಂದರೆ ಲೆ ಹಾವ್ರ್, ಅದಂತೂ ಹತ್ತತ್ತಿರ 200!

ಬಂದರಿನಿಂದ ಊರು ತೋರಿಸಿ ಕರೆತರುವ ಹಡಗಿನವರ ಟೂರ್ ದುಬಾರಿ, ನಿಜ. ಆದರೆ ಅವರ ಬಸ್ಸೇ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನಮ್ಮಷ್ಟಕ್ಕೆ ನಾವು ಸುತ್ತಾಡಿ ತಡಮಾಡಿದರೆ, ಮುಂದಿನ ಬಂದರಿಗೆ ಸ್ವಂತ ಖರ್ಚಲ್ಲಿ ಓಡಬೇಕು. ಸಾಲದ್ದಕ್ಕೆ ಹಡಗಿನ ಗಡಿಯಾರಕ್ಕೂ ದಡದ ಗಡಿಯಾರಕ್ಕೂ ಒಮ್ಮೊಮ್ಮೆ ತಾಳೆಯಾಗಲ್ಲ. ಮೊಬೈಲ್ ತನ್ನಷ್ಟಕ್ಕೆ ಊರಿನ ಸಮಯಕ್ಕೆ ತಿರುಗಿಬಿಡುತ್ತೆ. ಅದಕ್ಕೇ ಹಳೇ ಕೈಗಡಿಯಾರಕ್ಕೆ ಸೆಲ್ ಹಾಕಿಸಿದೆ.

ಗ್ರೀಸ್‌ನ ದ್ವೀಪ ಸ್ಯಾಂಟೊರಿನಿಯ ಕಥೆಯೇ ಬೇರೆ. ಹಡಗು ನಡುನೀರಲ್ಲಿ ಲಂಗರು ಹಾಕಿ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡ ಸೇರಿಸುತ್ತಾರೆ. ಅಲ್ಲಿಂದ ಮೇಲೆ ಫಿರಾ ಊರಿಗೆ ಕೇಬಲ್ ಕಾರ್, ಇಲ್ಲವೇ ಐನೂರಕ್ಕೂ ಮಿಕ್ಕಿದ ಮೆಟ್ಟಿಲು. ಒಂದೇ ದಿನ ಮೂರ್ನಾಲ್ಕು ಹಡಗು ಬಂದರೆ ಇಳಿಯುವಾಗಿನ ಕ್ಯೂ ನೆನೆಸಿಕೊಳ್ಳಿ.

ಪ್ಲಾನ್ ಮಾಡ್ತಾ ಮಾಡ್ತಾ ನೋಡಿದರೆ, ಏನು ನೋಡಬೇಕು ಅನ್ನೋದಕ್ಕಿಂತ ಹೇಗೆ ವಾಪಸ್ ಬರಬೇಕು ಅಂತಲೇ ಹಾಳೆ ತುಂಬಿದೆ. ಪ್ರವಾಸವೋ, ಪರೀಕ್ಷೆಯೋ!

ಸದ್ಯಕ್ಕೆ ತೀರ್ಮಾನ: ರೋಮ್‌ಗೆ ಹಡಗಿನವರ ಬಸ್ಸು. ಬಾರ್ಸಿಲೋನಾದಲ್ಲಿ ಬಂದರು ಊರಿಗೆ ಅಂಟಿಕೊಂಡೇ ಇದೆ, ಅಲ್ಲಿ ಯಾವ ಟೂರೂ ಬೇಡ, ಕಾಲಿದ್ದರೆ ಸಾಕು.