ಪೆಟ್‌ಸಿ: ಒಂದು ಪ್ರಾಸೆಸ್‌ಗೆ ಸರಿ, ನಾಲ್ಕಕ್ಕೆ ತಪ್ಪು

ಪ್ರೋಗ್ರಾಮನ್ನು ಒಂದೇ ಪ್ರಾಸೆಸ್‌ನಲ್ಲಿ ಓಡಿಸಿದರೆ ಉತ್ತರ ಸರಿ ಬರುತ್ತದೆ, ಕೆಲಸ ಹಂಚಿಕೊಂಡು ಒಟ್ಟಿಗೆ ಓಡುವ ನಾಲ್ಕರಲ್ಲಿ ಎಕ್ಕುಟ್ಟಿಹೋಗುತ್ತದೆ. ದೊಡ್ಡ ಸಮೀಕರಣಗಳನ್ನು ಬಿಡಿಸುವ ಪೆಟ್‌ಸಿ (PETSc) ಲೈಬ್ರರಿಯಲ್ಲಿ, ಗ್ರಿಡ್ಡನ್ನು ಪ್ರಾಸೆಸ್‌ಗಳಿಗೆ ಹಂಚುವ ಡಿಎಂಡಿಎ (DMDA) ಬಳಸುವವರು ಆಗ ಮೊದಲು ಅನುಮಾನಿಸಬೇಕಾದ್ದು ಇಂಡೆಕ್ಸನ್ನು, ಅಂದರೆ ಬಿಂದುವಿನ ಕ್ರಮಸಂಖ್ಯೆಯನ್ನು.

4×4 ಗ್ರಿಡ್ಡನ್ನು 2×2 ಆಗಿ ನಾಲ್ಕು ಪ್ರಾಸೆಸ್‌ಗಳಿಗೆ ಹಂಚಿದ್ದೀರಿ ಎನ್ನಿ. ಸಾಲಿನೊಳಗಿನ ಸ್ಥಾನ ಐ, ಸಾಲಿನ ಸಂಖ್ಯೆ ಜೆ; ಎರಡೂ 0ಯಿಂದ ಶುರು. ಸಾಲುಸಾಲಾಗಿ ಎಣಿಸಿದರೆ ಐ=2, ಜೆ=0 ಬಿಂದುವಿನ ಸಂಖ್ಯೆ 2. ಆದರೆ ಪೆಟ್‌ಸಿ ಪ್ರತಿ ಪ್ರಾಸೆಸ್‌ಗೂ ನಡುವೆ ಕಡಿಯದ ಒಂದು ಸರಣಿ ಕೊಡುತ್ತದೆ: ಮೊದಲನೆಯದಕ್ಕೆ 0–3, ಎರಡನೆಯದಕ್ಕೆ 4–7. ಹಾಗಾಗಿ ಅದೇ ಬಿಂದು ಅಲ್ಲಿ 4. ಒಂದೇ ಪ್ರಾಸೆಸ್ ಇದ್ದಾಗ ಎರಡೂ ಎಣಿಕೆ ಒಂದೇ ಆಗುವುದರಿಂದ ತಪ್ಪು ಕಾಣುವುದೇ ಇಲ್ಲ. 4*ಜೆ+ಐ ಎಂದು ಲೆಕ್ಕಹಾಕಿ, ಮ್ಯಾಟ್ರಿಕ್ಸಿಗೆ ಬೆಲೆ ತುಂಬುವ ಮ್ಯಾಟ್‌ಸೆಟ್‌ವ್ಯಾಲ್ಯೂಸ್‌ಗೆ ಕೊಟ್ಟರೂ ಸಾಲು ಬೇರೆಯವರದು ಎಂಬ ಕಾರಣಕ್ಕೆ ಎರರ್ ಬರುವುದಿಲ್ಲ. ಬೇರೆ ಪ್ರಾಸೆಸ್‌ನ ಸಾಲಿಗೆ ಬರೆಯುವುದು ಅಲ್ಲಿ ನ್ಯಾಯವಾದ ಕೆಲಸವೇ. ಬೆಲೆಗಳನ್ನೆಲ್ಲ ಒಟ್ಟುಗೂಡಿಸುವ ಅಸೆಂಬ್ಲಿ ಹೊತ್ತಿಗೆ ಅದು ಮೌನವಾಗಿ ಅಲ್ಲಿಗೆ ತಲುಪುತ್ತದೆ.

ಅದರ ಬದಲು ಮ್ಯಾಟ್‌ಸೆಟ್‌ವ್ಯಾಲ್ಯೂಸ್‌ಸ್ಟೆನ್ಸಿಲ್ ಬಳಸಿ, ಐ ಮತ್ತು ಜೆ ನೇರವಾಗಿ ಕೊಡಿ. ಹೊರಗಿನ ಫೈಲಿನಿಂದ ಸಾಲೆಣಿಕೆಯ ಸಂಖ್ಯೆಗಳೇ ಬರುತ್ತಿದ್ದರೆ ಡಿಎಂಡಿಎಗೆಟ್‌ಎಒ ಮೂಲಕ ಪರಿವರ್ತಿಸಿ. ಎಚ್ಚರ: ಆ ಪರಿವರ್ತನೆ ನಿಮ್ಮ ಅರೇಯನ್ನೇ ತಿದ್ದುತ್ತದೆ. ಅದೇ ಅರೇ ಮೇಲೆ ಎರಡನೇ ಸಲ ಕರೆದರೆ ಮತ್ತೆ ಕೆಡುತ್ತದೆ.

ಪ್ರತಿ ಪ್ರಾಸೆಸ್ ತನ್ನ ಬಿಂದುಗಳ ಜೊತೆ ನೆರೆಯವರ ಅಂಚಿನ ಬಿಂದುಗಳ ನಕಲನ್ನೂ (ಘೋಸ್ಟ್) ಇಟ್ಟುಕೊಳ್ಳುವ ಲೋಕಲ್ ವೆಕ್ಟರಿನದು ಮೂರನೆಯ ಎಣಿಕೆ. ಘೋಸ್ಟ್ ಅಗಲ 1 ಇದ್ದರೆ, ಇಡೀ ಗ್ರಿಡ್ಡಿನ ಅಂಚಿನಾಚೆ ಘೋಸ್ಟ್ ಇಲ್ಲದಿದ್ದರೆ, ಮೊದಲ ಪ್ರಾಸೆಸ್‌ನ ತುಂಡು 3×3 ಆಗುತ್ತದೆ; (1,1) ಬಿಂದು ಗ್ಲೋಬಲ್‌ನಲ್ಲಿ 3, ಲೋಕಲ್‌ನಲ್ಲಿ 4. ಸಿ ಭಾಷೆಯಲ್ಲಿ ಡಿಎಂಡಿಎವೆಕ್‌ಗೆಟ್‌ಅರೇ ಕೊಡುವ ಪಾಯಿಂಟರನ್ನು [ಜೆ][ಐ] ಕ್ರಮದಲ್ಲಿ, ಇಡೀ ಗ್ರಿಡ್ಡಿನ ಸಂಖ್ಯೆಗಳಿಂದಲೇ ಬಳಸಿದರೆ ಈ ಗೋಜಿಲ್ಲ. ಇನ್ನು ಸ್ಟೆನ್ಸಿಲ್, ಅಂದರೆ ಒಂದು ಬಿಂದುವಿನ ಲೆಕ್ಕಕ್ಕೆ ಬೇಕಾದ ನೆರೆಬಿಂದುಗಳ ಆಕಾರ. ಸ್ಟಾರ್ ಸ್ಟೆನ್ಸಿಲ್ ಆರಿಸಿದ್ದರೆ ಮೂಲೆಯ ಘೋಸ್ಟ್ ಬೆಲೆಗಳು ಬರುವುದಿಲ್ಲ. ಒಂಬತ್ತು ಬಿಂದುಗಳ ಸೂತ್ರಕ್ಕೆ ಬಾಕ್ಸ್ ಸ್ಟೆನ್ಸಿಲ್ಲೇ ಬೇಕು.

ನನ್ನ ಮಟ್ಟಿಗೆ ಅತ್ಯಂತ ನಂಬಿಕಸ್ಥ ಪರೀಕ್ಷೆ ಇದು: 7×5 ಗ್ರಿಡ್, ನಾಲ್ಕು ಪ್ರಾಸೆಸ್. ಪ್ರತಿ ಬಿಂದುವಿನಲ್ಲಿ 1000*ಜೆ+ಐ ತುಂಬಿಸಿ, ಬೆಲೆಗಳನ್ನು ಲೋಕಲ್ ವೆಕ್ಟರಿಗೆ ನಕಲಿಸುವ ಡಿಎಂಗ್ಲೋಬಲ್‌ಟುಲೋಕಲ್ ಆದಮೇಲೆ ಘೋಸ್ಟ್ ಸೇರಿ ಎಲ್ಲವನ್ನೂ ಹೋಲಿಸಿ. ಚೌಕ ಗ್ರಿಡ್ ಬೇಡ, ಐ-ಜೆ ಅದಲುಬದಲಾಗಿದ್ದರೆ ಅಲ್ಲಿ ಆ ತಪ್ಪು ಅರೇ ಗಡಿ ದಾಟದೆ ಅಡಗಿರಬಹುದು. ಇಲ್ಲಿ 7 ಬಿಂದುಗಳು 4 ಮತ್ತು 3 ಆಗಿ, 5 ಬಿಂದುಗಳು 3 ಮತ್ತು 2 ಆಗಿ ಒಡೆಯುವುದರಿಂದ ಸಮಪಾಲು ಎಂದು ಊಹಿಸಿ ಬರೆದ ಕೋಡ್ ಕೂಡಲೇ ಸಿಕ್ಕಿಬೀಳುತ್ತದೆ.

ದೊಡ್ಡ ಗ್ರಿಡ್ಡಿಗೆ ಇನ್ನೊಂದು ಮಾತು. ಪೆಟ್‌ಸಿ ಇಂಡೆಕ್ಸ್ ತಾನಾಗಿ 32 ಬಿಟ್, ಮಿತಿ 2,14,74,83,647. ಘನಾಕೃತಿಯ ಗ್ರಿಡ್ ಬದಿಗೆ 1291 ಬಿಂದು ಮುಟ್ಟಿದರೆ ಇದು ದಾಟುತ್ತದೆ, ಪ್ರತಿ ಬಿಂದುವಿಗೆ ಮೂರು ಅಜ್ಞಾತಗಳಿದ್ದರೆ 895ಕ್ಕೇ. 64 ಬಿಟ್ ಇಂಡೆಕ್ಸ್ ಆಯ್ಕೆಯೊಂದಿಗೆ ಕಾನ್ಫಿಗರ್ ಮಾಡಿ ಮತ್ತೆ ಬಿಲ್ಡ್ ಮಾಡಿ. ನಿಮ್ಮ ಕೋಡಿನ ಇಂಡೆಕ್ಸ್ ಅರೇಗಳೂ ಇಂಟ್ ಬದಲು ಪೆಟ್‌ಸಿಇಂಟ್ ಆಗಿರಲಿ.